ಟೆರೇಸಿಗೆ ಸ್ಟೋರೇಜ್ ಬೆಂಚ್ ತಗೊಳ್ಳೋ ಮುಂಚೆ ಇದೊಂದು ಓದಿ

ಎಲ್ರಿಗೂ ನಮಸ್ಕಾರ. ಟೆರೇಸಿನ ಕೂರೋ ಜಾಗಕ್ಕೆ ಬೆಂಚ್ ಕಮ್ ಬಾಕ್ಸ್ ತರೋಣ ಅಂತ ಮಾತಾಯ್ತಲ್ಲ, ದಯವಿಟ್ಟು ಫೋಟೋ ನೋಡಿ ಮರುಳಾಗ್ಬೇಡಿ. ಮಂಗಳೂರಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬರುತ್ತೆ, ಅದರ ಮೇಲೆ ಸಮುದ್ರದ ಉಪ್ಪುಗಾಳಿ. ನಮ್ಮನೆ ಬಾಲ್ಕನಿಗೆ ಮರದ ಥರ ಕಾಣೋ ಎಂಡಿಎಫ್ (ಮರದ ನಾರು, ಅಂಟು ಸೇರಿಸಿ ಒತ್ತಿದ ಹಲಗೆ) ಪೆಟ್ಟಿಗೆ ತಂದಿದ್ದೆ, ಜುಲೈ ಹೊತ್ತಿಗೆ ಅಂಚೆಲ್ಲ ನೆನೆದ ರಸ್ಕ್ ಥರ ಉಬ್ಬಿ, ಮುಚ್ಚಳ ತೆಗೆದ್ರೆ ಕುಶನ್ ತುಂಬ ಕಪ್ಪು ಬೂಷ್ಟು, ಕೆಳಗೆ ಟೈಲ್ಸ್ ಮೇಲೆ ಹಿಂಜ್‌ನ ತುಕ್ಕಿನ ಕಲೆ, ಅದು ಇವತ್ತಿಗೂ ಹೋಗಿಲ್ಲ.

ನನ್ನ ಪ್ರಕಾರ ಸಾಗುವಾನಿನೇ ಚೆಂದ, ಅದರಲ್ಲೇ ಎಣ್ಣೆ ಅಂಶ ಇರೋದ್ರಿಂದ ಬೇಗ ಕೊಳೆಯಲ್ಲ, ಎಣ್ಣೆ ಹಚ್ಚದಿದ್ರೆ ಬೂದು ಬಣ್ಣಕ್ಕೆ ತಿರುಗುತ್ತೆ ಅಷ್ಟೆ, ಗಟ್ಟಿತನ ಹೋಗಲ್ಲ. ರೇಟು ಜಾಸ್ತಿ ಆದ್ರೆ ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ ಫ್ರೇಮಿಗೆ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಹಲಗೆ ಹಾಕಿಸೋಣ, ನೀರಿಗೆ ಮಾಮೂಲಿ ಪ್ಲೈವುಡ್ ಥರ ಬಿಟ್ಕೊಳ್ಳಲ್ಲ, ಆದ್ರೆ ಹಲಗೆ ಕೆಳಗೆ ಸಪೋರ್ಟ್ ಕಮ್ಮಿ ಇದ್ರೆ ಬಿಸಿಲಿಗೆ ಬಾಗುತ್ತೆ.

ಸ್ಕ್ರೂ, ಹಿಂಜ್ ಮಾತ್ರ 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲೇ ಕೇಳಿ, ಮಾಮೂಲಿ 304 ಗ್ರೇಡ್ ಆದ್ರೆ ಉಪ್ಪುಗಾಳಿಗೆ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತೆ. ಮುಚ್ಚಳ ಸ್ವಲ್ಪ ಇಳಿಜಾರು ಇರ್ಲಿ, ಪೆಟ್ಟಿಗೆ ಕಾಲಿನ ಮೇಲೆ ನೆಲದಿಂದ ಎರಡಿಂಚು ಎತ್ತರ ಇರ್ಲಿ, ಹಿಂದೆ ಗಾಳಿ ಆಡೋಕೆ ತೂತು ಬೇಕೇ ಬೇಕು, ಪೂರ್ತಿ ಮುಚ್ಚಿದ್ರೆ ಒಳಗೇ ಬೆವರುತ್ತೆ.

ಬಣ್ಣ ಯಾವುದು ಬೇಕು ಅಂತ ಭಾನುವಾರದೊಳಗೆ ಹೇಳ್ಬಿಡಿ, ಮಳೆ ಶುರು ಆಗೋ ಮುಂಚೆ ಬಡಗಿಗೆ ಅಳತೆ ಕೊಡ್ಬೇಕು.