ಆ ಅಡಿಗಲ್ಲು ಗುಜರಿಗೆ ಹೋಗಬಾರದು

ಬರ್ಮಿಂಗ್‌ಹ್ಯಾಮ್, ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ಅಮ್ಮ, ನಾನು ಚೆನ್ನಾಗಿದ್ದೇನೆ. ಊಟ ಆಯಿತು, ಸಾರು ಅನ್ನ. ಹಪ್ಪಳ ಸುಡಲು ಹೋಗಿ ಮನೆಯಿಡೀ ಅಲಾರಂ ಹೊಡೆಯಿತು, ಇನ್ನು ಸುಡುವುದಿಲ್ಲ. ನಿನ್ನ ಪ್ರಶ್ನೆ ಮುಗಿಯಿತು ಅಲ್ವಾ? ಇನ್ನು ಅಪ್ಪನ ಹತ್ತಿರ ಸ್ವಲ್ಪ ಮಾತುಂಟು.

ಅಪ್ಪ, ಮೊನ್ನೆ ಫೋನಿನಲ್ಲಿ ಮಳೆಯ ಸುದ್ದಿ ಹೇಳುತ್ತ ನಡುವೆ ಒಂದು ಮಾತು ಹಾಕಿದಿರಿ, ಸಂತೆಕಟ್ಟೆ ದಾರಿಯ ಆಚಾರಿಗಳು ಕುಲುಮೆ ಮುಚ್ಚುತ್ತಾರಂತೆ, ಸಾಮಾನೆಲ್ಲ ಗುಜರಿಗಂತೆ ಅಂತ. ನೀವು ಆಮೇಲೆ ಅಡಿಕೆಯ ರೇಟಿಗೆ ಹೋದಿರಿ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಶಾಲೆ ಬಿಟ್ಟು ಬರುವಾಗ ಅಲ್ಲೇ ನಿಂತು, ಇವತ್ತಾದರೂ ತಿದಿ ಒತ್ತಲು ಕೊಡುತ್ತಾರಾ ಅಂತ ಕಾಯುತ್ತಿದ್ದವನು ನಾನು. "ಎಂಥ ನೋಡ್ತಿ ಮಾರಾಯ, ಮನೆಗೆ ಹೋಗು" ಅನ್ನುತ್ತಿದ್ದರು, ಆಮೇಲೆ ಅವರೇ ಜಾಗ ಬಿಡುತ್ತಿದ್ದರು. ಯೂನಿಫಾರ್ಮಿನ ಅಂಗಿಗೆ ಕಿಡಿ ಹಾರಿ ತೂತಾದದ್ದು, ಅಮ್ಮ ಬೈದದ್ದು, ಎಲ್ಲ ನೆನಪುಂಟು.

ಅವರ ಅಡಿಗಲ್ಲನ್ನು, ಕಾದ ಕಬ್ಬಿಣ ಇಟ್ಟು ಬಡಿಯುವ ಆ ಕಬ್ಬಿಣದ ದಿಮ್ಮಿಯನ್ನು, ನೀವು ತೆಗೆದುಕೊಳ್ಳಬೇಕು. ಗುಜರಿಯವನು ಕಿಲೋಗೆ ಎಷ್ಟು ಕೊಡುತ್ತಾನೋ ಅದಕ್ಕಿಂತ ಜಾಸ್ತಿ ಕೊಡಿ, ದುಡ್ಡು ನಾನು ಹಾಕುತ್ತೇನೆ. ಅದಕ್ಕೆ ಒಂದು ಬದಿ ಕೊಂಬು ಇತ್ತು, ಮೇಲೆ ಚೌಕದ ತೂತೂ ಇತ್ತು. ತನ್ನ ಅಪ್ಪ ಮಂಗಳೂರು ಬಂದರಿನಿಂದ ತಂದದ್ದು ಅಂತ ಹೇಳುತ್ತಿದ್ದರು. ಹಾಗಾದರೆ ಇಂಗ್ಲೆಂಡಿನಲ್ಲಿ ಮಾಡಿದ್ದಿರಬಹುದು, ಪಕ್ಕದ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ನೋಡಿ, ಮೂರು ಅಂಕೆ ಸಿಗಬಹುದು. ಇಲ್ಲಿನ ಹಳೆಯ ಅಡಿಗಲ್ಲುಗಳ ಮೇಲೆ ತೂಕ ಕೆತ್ತುತ್ತಿದ್ದದ್ದು ಹಾಗೆ. ಮೊದಲನೆಯದು ಹಂಡ್ರೆಡ್‌ವೆಯ್ಟ್, ಹೆಸರು ನೂರು, ಲೆಕ್ಕ 112 ಪೌಂಡು (ಇಂಗ್ಲಿಷರ ಲೆಕ್ಕ, ಕೇಳಬೇಡಿ). ಎರಡನೆಯದು ಅದರ ಕಾಲು ಪಾಲು, 28 ಪೌಂಡಿನದು. ಮೂರನೆಯದು ಬಿಡಿ ಪೌಂಡು. 1 2 14 ಅಂತ ಇದ್ದರೆ 112, 56, 14 ಸೇರಿ 182 ಪೌಂಡು, ಅಂದರೆ 82 ಕಿಲೋ ಚಿಲ್ಲರೆ. ಪೀಟರ್ ರೈಟ್ ಅನ್ನುವ ಹೆಸರು ಕಂಡರಂತೂ ಕೂಡಲೇ ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ. ಆ ಅಡಿಗಲ್ಲುಗಳು ತಯಾರಾಗುತ್ತಿದ್ದದ್ದು ಡಡ್ಲಿಯಲ್ಲಿ, ನನ್ನ ರೂಮಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಇನ್ನೊಂದು, ಸೈಕಲ್ ಅಂಗಡಿಯಿಂದ ಒಂದು ಸ್ಟೀಲ್ ಗುಂಡು ತಂದು ಒಂದಡಿ ಮೇಲಿಂದ ಬಿಡಿ. ಹೆಚ್ಚುಕಡಿಮೆ ಬಿಟ್ಟಷ್ಟೇ ಎತ್ತರ ಪುಟಿದರೆ ಮೇಲ್ಮೈ ಗಟ್ಟಿ ಉಂಟು. ಸತ್ತ ಹಾಗೆ ಬಿದ್ದರೂ ತೆಗೆದುಕೊಳ್ಳಿ, ಆದರೆ ಚೌಕಾಸಿ ಮಾಡಿ.

ಅಕ್ಕ ನಗುತ್ತಿದ್ದಾಳಂತೆ, ಓದಲು ಹೋದವನು ಶನಿವಾರ ಕಬ್ಬಿಣ ಬಡಿಯುತ್ತಾನಂತೆ ಎಂದು. ನಗಲಿ. ಮೊನ್ನೆ ಕ್ಲಾಸಿನಲ್ಲಿ ಲಾರಿ ಸ್ಪ್ರಿಂಗ್ ಪ್ಲೇಟಿನಿಂದ ಒಂದು ಕತ್ತಿ ಮಾಡಿದೆ, ಮೂರು ಶನಿವಾರದ ಕೆಲಸ. ಕೆಂಪಗೆ ಕಾಯಿಸಿ, ಅಯಸ್ಕಾಂತ ಹಿಡಿಯುವುದನ್ನು ಬಿಟ್ಟಿತಾ ಅಂತ ನೋಡಿ (770 ಡಿಗ್ರಿಯ ಹತ್ತಿರ ಬಿಡುತ್ತದೆ, ಹದಕ್ಕೆ ಅದಕ್ಕಿಂತ ತುಸು ಮೇಲೆ ಬೇಕು), ಇಡೀ ಕತ್ತಿಯನ್ನು ಬಕೆಟಿನ ತಣ್ಣೀರಿಗೆ ಮುಳುಗಿಸಿದೆ. ಟಿಣ್ ಅಂತ ಒಂದು ಸದ್ದು. ನಡುವೆ ಕೂದಲಿನಷ್ಟು ಬಿರುಕು. ಆ ಸ್ಟೀಲಿಗೆ ಎಣ್ಣೆ ಬೇಕಿತ್ತು, ನೀರು ತೀರಾ ಬೇಗ ತಣ್ಣಗೆ ಮಾಡುತ್ತದೆ. ಯಾರೂ ಹೇಳಿರಲಿಲ್ಲ ಅನ್ನುವ ಹಾಗೂ ಇಲ್ಲ, ಬೋರ್ಡಿನ ಮೇಲೆ ಬರೆದಿತ್ತು.

ಆಗ ಆಚಾರಿಗಳು ನೆನಪಾದರು. ಅವರೂ ಲಾರಿ ಪ್ಲೇಟಿನಲ್ಲೇ ಮಾಡುತ್ತಿದ್ದದ್ದು, ಅವರದ್ದೂ ನೀರೇ, ಆದರೆ ಕತ್ತಿಯ ಬಾಯಿಯನ್ನಷ್ಟೇ, ಅಂದರೆ ಹರಿತದ ಅಂಚನ್ನಷ್ಟೇ, ಅದ್ದುತ್ತಿದ್ದರು. ತೆಗೆದು ಕಲ್ಲಿಗೆ ಒಮ್ಮೆ ಉಜ್ಜಿ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದರು. ನಾನು ಅದನ್ನು ಗತ್ತು ಅಂದುಕೊಂಡಿದ್ದೆ. ಕತ್ತಿಯ ಬೆನ್ನಿನಲ್ಲಿ ಉಳಿದ ಬಿಸಿ ಬಾಯಿಯ ಕಡೆ ಹರಿದು ಬರುವಾಗ ಉಜ್ಜಿದ ಜಾಗದಲ್ಲಿ ಬಣ್ಣ ಓಡುತ್ತದೆ, ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಹಳದಿ 220 ಡಿಗ್ರಿಯ ಆಸುಪಾಸು, ನೀಲಿ 300ರ ಹತ್ತಿರ. ಬೇಕಾದ ಬಣ್ಣ ಬಾಯಿಗೆ ಮುಟ್ಟಿದ ಕೂಡಲೇ ಪುನಃ ನೀರಿಗೆ. ಇಲ್ಲಿ ನಮಗೆ ಬಣ್ಣದ ಚಾರ್ಟ್ ಕೊಟ್ಟಿದ್ದಾರೆ, ಓವನ್ ಉಂಟು. ಅವರ ಹತ್ತಿರ ಇದ್ದದ್ದು ಬರೀ ಕಣ್ಣು, ಮತ್ತೆ ಕುಲುಮೆಯ ಕತ್ತಲೆ. ಅಮ್ಮ, "ಒಂದು ಬಲ್ಬ್ ಹಾಕಿಸಬಾರದಾ ಇವರು" ಅನ್ನುತ್ತಿದ್ದೆಯಲ್ಲ, ಇಲ್ಲಿನ ಕುಲುಮೆಯೂ ಹಾಗೇ ಮಬ್ಬು. ಬೆಳಕು ಜಾಸ್ತಿಯಾದರೆ ಕಾದ ಕಬ್ಬಿಣದ ಕೆಂಪು ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ.

ಅಕ್ಕನಿಗೆ ಇದನ್ನೂ ಓದಿ ಹೇಳಿ. ಡಡ್ಲಿಯ ಮ್ಯೂಸಿಯಮ್ಮಿನಲ್ಲಿ ನ್ಯೂಕಾಮೆನ್‌ನ 1712ರ ಉಗಿ ಇಂಜಿನ್ನಿನ ಪೂರ್ತಿ ಗಾತ್ರದ ಪ್ರತಿ ಉಂಟು, ಮನೆಯಷ್ಟು ದೊಡ್ಡದು. ಕಲ್ಲಿದ್ದಲ ಗಣಿಯ ನೀರು ಎತ್ತಲು ಮಾಡಿದ್ದು, ನಿಮಿಷಕ್ಕೆ 12 ಸಲ, ಸಲಕ್ಕೆ 10 ಗ್ಯಾಲನ್. ಅದರಲ್ಲಿ ಉಗಿ ದೂಡುವುದೇ ಇಲ್ಲ! ಸಿಲಿಂಡರಿನ ಉಗಿಗೆ ತಣ್ಣೀರು ಚಿಮ್ಮಿಸಿದರೆ ಒಳಗೆ ಖಾಲಿಯಾಗುತ್ತದೆ, ಹೊರಗಿನ ಗಾಳಿಯೇ ಪಿಸ್ಟನ್ನನ್ನು ಕೆಳಗೆ ಒತ್ತುತ್ತದೆ. ಬಿಸಿ ಗಂಜಿ ತುಂಬಿಸಿದ ಬುತ್ತಿಯ ಮುಚ್ಚಳ ಮಧ್ಯಾಹ್ನಕ್ಕೆ ತೆರೆಯಲು ಆಗದೆ ಅಪ್ಪ ಬ್ಯಾಂಕಿನಲ್ಲಿ ಸ್ಕ್ರೂಡ್ರೈವರ್ ಕೇಳಿದ್ದರಲ್ಲ, ಅದೇ. ಆದರೆ ಪ್ರತಿ ಸಲ ಸಿಲಿಂಡರನ್ನೂ ತಣ್ಣಗೆ ಮಾಡಿ ಪುನಃ ಕಾಯಿಸಬೇಕು, ಕಲ್ಲಿದ್ದಲು ಸಿಕ್ಕಾಪಟ್ಟೆ ದಂಡ. ಉಗಿಯನ್ನು ಬೇರೆ ಪಾತ್ರೆಗೆ ಬಿಟ್ಟು ತಣಿಸುವ ಉಪಾಯ ವಾಟ್‌ಗೆ 1765ರಲ್ಲೇ ಹೊಳೆದಿತ್ತು. ಹೊಳೆದರೇನು, ಬಡಿದು ಮಾಡಿದ ಸಿಲಿಂಡರ್ ಸರಿಯಾಗಿ ದುಂಡಗೇ ಇರುತ್ತಿರಲಿಲ್ಲ, ಪಿಸ್ಟನ್ನಿನ ಸುತ್ತ ಚಿಂದಿಬಟ್ಟೆ, ಹಳೆಯ ಟೋಪಿ ಎಲ್ಲ ತುರುಕಿ ನೋಡಿದ, ಉಗಿ ಸೋರುತ್ತಲೇ ಇತ್ತು. ಸುಮಾರು ಹತ್ತು ವರ್ಷದ ಮೇಲೆ ವಿಲ್ಕಿನ್‌ಸನ್ ಎಂಬ ಕಬ್ಬಿಣದ ಕೆಲಸದವನು ಫಿರಂಗಿ ಕೊರೆಯಲು ಮಾಡಿದ ತನ್ನ ಯಂತ್ರವನ್ನು ಸಿಲಿಂಡರಿಗೆ ಹೊಂದಿಸಿದ. 50 ಇಂಚಿನ ಸಿಲಿಂಡರಿನಲ್ಲಿ ವ್ಯತ್ಯಾಸ ಒಂದು ಹಳೆಯ ಶಿಲ್ಲಿಂಗಿನ ದಪ್ಪದಷ್ಟೂ ಇರಲಿಲ್ಲವಂತೆ. ವಾಟ್‌ನ ಹೆಸರು ಎಲ್ಲರಿಗೂ ಗೊತ್ತು, ಕೊರೆದವನನ್ನು ಯಾರು ಕೇಳುತ್ತಾರೆ! ವಾಟ್‌ನ ಕಂಪನಿ 1779ರಲ್ಲಿ ಮಾಡಿದ ಒಂದು ಇಂಜಿನ್ ಇಲ್ಲೇ ಬರ್ಮಿಂಗ್‌ಹ್ಯಾಮಿನ ಮ್ಯೂಸಿಯಮ್ಮಿನಲ್ಲಿ ಉಂಟು. ಎರಡು ಸಲ ಹೋಗಿ ನೋಡಿ ಬಂದೆ.

ಅಜ್ಜಿಗೆ ಹೇಳಿ, ಉಗಿಬಂಡಿಯಲ್ಲೂ ಕೂತೆ, ಕಿಡರ್‌ಮಿನ್‌ಸ್ಟರಿನಿಂದ 16 ಮೈಲಿ. ತಲೆ ಹೊರಗೆ ಹಾಕಿ ಕಣ್ಣಿಗೆ ಮಸಿ ಬಿತ್ತು. ಅಜ್ಜಿಗೂ ಸಣ್ಣವರಿರುವಾಗ ಮಂಗಳೂರಿನಿಂದ ಕಾಸರಗೋಡಿಗೆ ಹೋಗುವಾಗ ಹಾಗೇ ಆಗಿತ್ತಲ್ಲ. ಅವರ ಪುಣ್ಯ, ಮಂಗಳೂರಿಗೆ ರೈಲು 1907ರಲ್ಲೇ ಬಂದಿತ್ತು. ನಮ್ಮ ಉಡುಪಿಯ ಇಂದ್ರಾಳಿಗೆ ಬರುವಾಗ 1993, ಅಷ್ಟೊತ್ತಿಗೆ ಡೀಸೆಲ್.

ಅಪ್ಪ, ಅಡಿಗಲ್ಲು ತರಲು ಇಬ್ಬರು ಗಟ್ಟಿಗರು ಬೇಕು, ಗೂಡ್ಸ್ ಆಟೋ ಮಾಡಿ, ನೀವು ಎತ್ತಬೇಡಿ, ಸೊಂಟ ಉಂಟು. ಹಳೆಯ ಹಟ್ಟಿಯಲ್ಲಿಟ್ಟು ಎಣ್ಣೆ ಸವರಿ ಗೋಣಿ ಮುಚ್ಚಿ, ಮಳೆಗಾಲ. ಇಕ್ಕಳಗಳನ್ನೂ ಕೇಳಿ, ಎಷ್ಟಿದ್ದರೂ ಸಾಲುವುದಿಲ್ಲ. ಮತ್ತೆ ಆಚಾರಿಗಳ ಹತ್ತಿರ ಅರ್ಧ ಗಂಟೆ ಕೂತು, ಕತ್ತಿಗೆ ಯಾವ ಬಣ್ಣ, ಉಳಿಗೆ ಯಾವ ಬಣ್ಣ, ಅವರ ಬಾಯಲ್ಲೇ ಕೇಳಿ ಬರೆದುಕೊಳ್ಳಿ. ತುಳುವಿನಲ್ಲಿ ಹೇಳಿದರೆ ಹಾಗೇ ಬರೆಯಿರಿ, ತಿದ್ದಬೇಡಿ.

ಅಂಕೆಗಳ ಫೋಟೋ ಮೊದಲು ಕಳಿಸಿ.

ಇಂತಿ,
ನಿಮ್ಮ ಮಗ