ಪ್ರಾಕ್ಸಿಯಿಂದ ಫೈಲ್ ಬರ್ತಿಲ್ಲ ಅನ್ನೋರು ಇದನ್ನ ಓದ್ರಿ

ಎಲ್ಲರಿಗೂ ನಮಸ್ಕಾರ್ರಿ. ಬೀದರ್, ಯಾದಗಿರಿಯಿಂದ ನಮ್ಮ ಕಲಬುರಗಿ ಲ್ಯಾಬಿನ ಹಡೂಪ್‌ಗೆ (ಹಲವು ಮಷೀನುಗಳಲ್ಲಿ ಡೇಟಾ ಹಂಚಿ ಇಡುವ ವ್ಯವಸ್ಥೆ) ಬರುವವರಿಗೆ ‘ಇಂಪರ್ಸನೇಟ್ ಮಾಡಲು (ಬೇರೆಯವರ ಹೆಸರಿನಲ್ಲಿ ಕೆಲಸ ಮಾಡಲು) ಅನುಮತಿ ಇಲ್ಲ’ ಅಂತ ಎರರ್ ಬರುತ್ತಿದೆ. ದಯವಿಟ್ಟು ಎಚ್‌ಟಿಟಿಪಿಎಫ್‌ಎಸ್ (ಎಚ್‌ಟಿಟಿಪಿ ಮೂಲಕ ಹಡೂಪ್ ಫೈಲ್ ತಂದುಕೊಡುವ ನಮ್ಮ ಪ್ರಾಕ್ಸಿ) ಅನ್ನು ಸುಮ್ನೆ ರೀಸ್ಟಾರ್ಟ್ ಮಾಡುತ್ತಾ ಕೂರಬೇಡಿ. ಅದರ 14000 ಪೋರ್ಟ್ ಉತ್ತರ ಕೊಡುತ್ತಿದೆ ಅಂದರೆ ಪ್ರಾಕ್ಸಿ ಎದ್ದಿದೆ, ಅದು ನಮ್ಮ ಹೆಸರಿನಲ್ಲಿ ಫೈಲ್ ಕೇಳಿದಾಗ ನೇಮ್‌ನೋಡ್ (ಯಾವ ಫೈಲ್ ಎಲ್ಲಿದೆ ಅಂತ ಲೆಕ್ಕ ಇಡುವ ಹಡೂಪ್‌ನ ಮುಖ್ಯ ಸರ್ವರ್) ಒಪ್ಪುತ್ತಿಲ್ಲ, ಅಷ್ಟೇ.

ನೇಮ್‌ನೋಡ್ ಇರುವ ಮಷೀನಿನಲ್ಲಿ ಕೋರ್-ಸೈಟ್ ಅನ್ನೋ ಸೆಟ್ಟಿಂಗ್ಸ್ ಫೈಲ್ ತೆರೆದು ಹಡೂಪ್.ಪ್ರಾಕ್ಸಿಯೂಸರ್ ಅಂತ ಶುರುವಾಗುವ ಸಾಲು ನೋಡ್ರಿ. ಹೋಸ್ಟ್ಸ್ (ಪ್ರಾಕ್ಸಿ ಯಾವ ಮಷೀನಿಂದ ಬರಬಹುದು) ಒಂದು, ಗ್ರೂಪ್ಸ್ (ಯಾವ ಗುಂಪಿನವರ ಹೆಸರಿನಲ್ಲಿ ಕೇಳಬಹುದು) ಒಂದು, ಎರಡೂ ಇರಬೇಕು, ನಡುವೆ ಬರೆದ ಯೂಸರ್ ಹೆಸರು ಪ್ರಾಕ್ಸಿ ಯಾವ ಯೂಸರ್‌ನಲ್ಲಿ ಓಡುತ್ತಿದೆಯೋ ಅದೇ ಆಗಿರಬೇಕು, ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ನಡೆಯಲ್ಲ. ಹೋಸ್ಟ್ಸ್‌ನಲ್ಲಿ ಪ್ರಾಕ್ಸಿ ಮಷೀನಿನ ಹಳೆಯ ಐಪಿ ಉಳಿದಿದೆಯಾ ನೋಡಿ, ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಬೇರೆ ಐಪಿ ಕೊಟ್ಟಿರಬಹುದು. ಎರಡಕ್ಕೂ ನಕ್ಷತ್ರ ಚಿಹ್ನೆ (*, ಅಂದರೆ ಎಲ್ಲರಿಗೂ ಅನುಮತಿ) ಹಾಕಿಬಿಟ್ಟರೆ ಎರರ್ ಹೋಗುತ್ತೆ, ಆದರೆ ಹಾಕಬೇಡಿ. ಆಮೇಲೆ ಆ ಯೂಸರ್ ಯಾವ ಮಷೀನಿಂದ ಬೇಕಾದರೂ ಯಾರ ಹೆಸರಿನಲ್ಲಾದರೂ ಫೈಲ್ ತೆಗೆಯಬಹುದು, ಹುಡುಗರ ಪ್ರಾಜೆಕ್ಟ್ ಡೇಟಾ ಎಲ್ಲ ಅಲ್ಲೇ ಇದೆ ಅಲ್ವಾ.

ಬದಲಾಯಿಸಿದ ಮೇಲೆ ನೇಮ್‌ನೋಡ್ ನಿಲ್ಲಿಸಬೇಕಿಲ್ಲ. ಹಡೂಪ್‌ನ ಅಡ್ಮಿನ್ ಕಮಾಂಡ್ ಆದ ಡಿಎಫ್‌ಎಸ್‌ಅಡ್ಮಿನ್‌ನಲ್ಲಿ ರಿಫ್ರೆಶ್‌ಸೂಪರ್‌ಯೂಸರ್‌ಗ್ರೂಪ್ಸ್‌ಕಾನ್ಫಿಗರೇಶನ್ ಕೊಟ್ಟರೆ ಸಾಕು, ಹೊಸ ಸೆಟ್ಟಿಂಗ್ ಓದಿಕೊಳ್ಳುತ್ತೆ. ಆದರೂ ಆಗದಿದ್ದರೆ ಪ್ರಾಕ್ಸಿ ಲಾಗಿನ ಕೊನೆಯ ಸಾಲುಗಳನ್ನು ಇಲ್ಲೇ ಟೆಕ್ಸ್ಟ್ ಆಗಿ ಹಾಕಿ, ಫೋಟೋ ಬೇಡ.