ಫಾರ್ಮ್ಯಾಟ್ ಮಾಡುವ ಮೊದಲು ನಮ್ಮ ಜೊತೆ ಒಂದು ಗಂಟೆ ಕೂತುಕೊಳ್ಳಿ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಬೆಳಿಗ್ಗೆ ಕಂಪ್ಯೂಟರ್ ಕೊಟ್ಟು ಸಂಜೆ ಫಾರ್ಮ್ಯಾಟ್ ಮಾಡಿಸಿಕೊಂಡು ಹೋಗುವುದು ಬರುವ ತಿಂಗಳ 1ನೇ ತಾರೀಕಿನಿಂದ ನಮ್ಮ ಅಂಗಡಿಯಲ್ಲಿ ಇರುವುದಿಲ್ಲ. ಇನ್ನು ಮೇಲೆ ಕನಿಷ್ಠ ಎರಡು ದಿನ ಬೇಕು. ಮೊದಲ ದಿನ ನೀವು ಒಂದು ಗಂಟೆ ನಮ್ಮ ಜೊತೆ ಕೂತು, ನಿಮ್ಮ ಯಾವ ಕೆಲಸ ಎಲ್ಲಿದೆ ಅಂತ ತೋರಿಸಬೇಕು. 500 ರೂಪಾಯಿ ಇದ್ದ ಚಾರ್ಜು 800 ಆಗುತ್ತದೆ. ಸುಮ್ನೆ ದರದ ಬೋರ್ಡ್ ಬದಲಾಯಿಸಿ ಕೂರುವುದು ಸರಿಯಲ್ಲ, ಕಾರಣ ನಿಮಗೆ ಗೊತ್ತಾಗಬೇಕು.

ಕಳೆದ ಮಳೆಗಾಲದಲ್ಲಿ ಬ್ರಹ್ಮಾವರ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ಲ್ಯಾಪ್‌ಟಾಪ್ ತಂದಿದ್ದರು. ಏನು ತೆರೆದರೂ ಜಾಹೀರಾತು ಬರುತ್ತಿತ್ತು. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೇ ಸರಿ ಅಂತ ನಾವು ಹೇಳಿದೆವು. "ನನ್ನದು ಎಲ್ಲ ಡೆಸ್ಕ್‌ಟಾಪಿನಲ್ಲೇ ಉಂಟು, ಅದೊಂದು ಉಳಿಸಿಕೊಡಿ" ಅಂದರು. ನಾವು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ನಾಲ್ಕನ್ನೂ ಕಾಪಿ ಮಾಡಿಕೊಂಡೆವು. ಸಂಜೆಗೆ ಲ್ಯಾಪ್‌ಟಾಪ್ ತಯಾರಾಯಿತು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಮಾಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಡೆಸ್ಕ್‌ಟಾಪಿನಲ್ಲಿ 'ಪದ್ಯಗಳು' ಅನ್ನುವ ಹೆಸರು ಇತ್ತು, ಒತ್ತಿದರೆ ತೆರೆಯುತ್ತಿರಲಿಲ್ಲ. ಕಣ್ಣು ಹತ್ತಿರ ತಂದು ನೋಡಿದಾಗ ಐಕಾನಿನ ಎಡಗಡೆ ಕೆಳಮೂಲೆಯಲ್ಲಿ ಸಣ್ಣ ಬಾಣದ ಗುರುತು ಕಂಡಿತು. ಅದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್, ಅಂದರೆ ಫೋಲ್ಡರ್ ಇರುವ ಜಾಗಕ್ಕೆ ದಾರಿ ತೋರಿಸುವ ಗುರುತು ಮಾತ್ರ. ಸೈಜು 2 ಕೆಬಿ ಕೂಡ ಇರಲಿಲ್ಲ. ನಿಜವಾದ ಫೋಲ್ಡರ್ ಇದ್ದದ್ದು ಸಿ ಡ್ರೈವಿನಲ್ಲಿ, ಬೇರೆಯೇ ಜಾಗದಲ್ಲಿ. ಆ ಡ್ರೈವನ್ನೇ ನಾವು ಅಳಿಸಿದ್ದೆವು.

ಆರು ವರ್ಷ ಕೂತು ಅವರು ಟೈಪ್ ಮಾಡಿದ ಯಕ್ಷಗಾನ ಪ್ರಸಂಗಗಳ ಪದ್ಯಗಳು ಅದರಲ್ಲಿದ್ದವು. ಅವರಿವರ ಮನೆಯಿಂದ ಕೈಬರಹದ ಪುಸ್ತಕಗಳನ್ನು ಕೇಳಿ ತಂದು, ಇಳಿಸಿಕೊಂಡು, ವಾಪಸು ಕೊಟ್ಟಿದ್ದರು. ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ರಿಕವರಿ ಸಾಫ್ಟ್‌ವೇರಿನಲ್ಲಿ ಸ್ವಲ್ಪವಾದರೂ ಸಿಗುತ್ತಿತ್ತೇನೋ. ಇದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಫೈಲ್ ಇಡುವ ಹೊಸ ಬಗೆಯ ಡಿಸ್ಕ್. ಫಾರ್ಮ್ಯಾಟ್ ಮಾಡಿದಾಗ ಈ ಜಾಗ ಇನ್ನು ಬೇಡ ಅಂತ ವಿಂಡೋಸ್ ಎಸ್‌ಎಸ್‌ಡಿಗೆ ತಿಳಿಸುತ್ತದೆ. ಇದಕ್ಕೆ ಟ್ರಿಮ್ ಅಂತಾರೆ. ಆಮೇಲೆ ಡಿಸ್ಕ್ ತಾನೇ ಒಳಗೊಳಗೆ ಆ ಜಾಗವನ್ನು ಒರೆಸಿಬಿಡುತ್ತದೆ. ನಾವು ಎರಡು ರಾತ್ರಿ ಹುಡುಕಿದೆವು. ಏನೂ ಸಿಗಲಿಲ್ಲ.

ಮಾಷ್ಟ್ರು ಬೈಯಲಿಲ್ಲ. "ಡೆಸ್ಕ್‌ಟಾಪ್ ಅಂತ ಹೇಳಿದ್ದು ನಾನೇ ಅಲ್ವಾ" ಅಂದರು. ಆದರೆ ಬಾಣದ ಗುರುತು ಗೊತ್ತಿರಬೇಕಾದವರು ನಾವು. ಕಾಪಿ ಮಾಡಿದ ಮೇಲೆ ಅವರನ್ನು ಕರೆದು ಒಂದೊಂದೇ ತೆರೆದು ತೋರಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಅಷ್ಟು ಮಾಡದೆ ಅಳಿಸಿದ್ದು ನಮ್ಮ ತಪ್ಪು.

ಆದ್ದರಿಂದ ಇನ್ನು ನೀವು ನೋಡಿ ಹೂಂ ಅನ್ನುವ ತನಕ ನಾವು ಏನನ್ನೂ ಅಳಿಸುವುದಿಲ್ಲ. ಮೊದಲು ಇಡೀ ಡಿಸ್ಕನ್ನೇ, ಇದ್ದದ್ದು ಇದ್ದ ಹಾಗೆ, ನಮ್ಮ ಹಾರ್ಡ್ ಡಿಸ್ಕಿಗೆ ಕಾಪಿ ತೆಗೆಯುತ್ತೇವೆ. ಇದಕ್ಕೇ ಹಲವು ಗಂಟೆ ಹಿಡಿಯುತ್ತದೆ, ಎರಡು ದಿನ ಕೇಳುತ್ತಿರುವುದು ಅದಕ್ಕೆ. ಆಮೇಲೆ ಆ ಕಾಪಿಯಿಂದಲೇ ನಿಮ್ಮ ಮುಖ್ಯ ಫೈಲುಗಳನ್ನು ತೆರೆದು ತೋರಿಸುತ್ತೇವೆ. ಕಂಪ್ಯೂಟರ್ ನಿಮ್ಮ ಕೈ ಸೇರಿದ ಮೇಲೆಯೂ ಕಾಪಿ 15 ದಿನ ನಮ್ಮಲ್ಲಿ ಇರುತ್ತದೆ. ಯಾಕೆಂದರೆ ಕೆಲವು ಫೈಲುಗಳ ನೆನಪು ಬರುವುದೇ ಒಂದು ವಾರ ಕಳೆದ ಮೇಲೆ. ನಿಮ್ಮ ಮನೆಯ ಫೋಟೋ, ಬ್ಯಾಂಕಿನ ಕಾಗದ ಎಲ್ಲ ಅದರಲ್ಲಿ ಇರುತ್ತದೆ ಅನ್ನುವುದು ನಮಗೆ ಗೊತ್ತು. ಕಾಪಿ ಪಾಸ್‌ವರ್ಡಿನ ಒಳಗೆ, ಬೀಗ ಹಾಕಿದ ಕಪಾಟಿನಲ್ಲಿ ಇರುತ್ತದೆ. 16ನೇ ದಿನ ಅಳಿಸುತ್ತೇವೆ. ಮೊದಲೇ ಅಳಿಸಿ ಅಂದರೆ ನಿಮ್ಮೆದುರಿಗೇ ಅಳಿಸುತ್ತೇವೆ.

ಒಂದು ವಿನಂತಿ. ಕಂಪ್ಯೂಟರ್ ಯಾರದ್ದು ಅನ್ನುವುದಕ್ಕಿಂತ ಅದರಲ್ಲಿ ದಿನಾ ಕೆಲಸ ಮಾಡುವವರು ಯಾರು ಅನ್ನುವುದು ಇಲ್ಲಿ ಮುಖ್ಯ. ಅಂಗಡಿಯದ್ದಾದರೆ ಬಿಲ್ ಹಾಕುವವರನ್ನು ಕಳಿಸಿ. ಮನೆಯದ್ದಾದರೆ ಮಕ್ಕಳನ್ನೂ ಒಮ್ಮೆ ಕೇಳಿ. ಕುಂದಾಪುರ, ಬೈಂದೂರು ಕಡೆಯಿಂದ ಬಸ್ಸಿನ ಕಂಡಕ್ಟರ್ ಹತ್ತಿರ ಲ್ಯಾಪ್‌ಟಾಪ್ ಕೊಟ್ಟು ಕಳಿಸುವವರು ಹಾಗೆಯೇ ಕಳಿಸಬಹುದು. ಆದರೆ "ಫಾರ್ಮ್ಯಾಟ್ ಮಾಡಿ" ಅಂತ ಚೀಟಿ ಅಂಟಿಸಿದರೆ ಇನ್ನು ಸಾಲದು. ನಾವು ವಿಡಿಯೋ ಕಾಲ್ ಮಾಡುತ್ತೇವೆ, ಆಗ ಕೂತು ನೋಡಬೇಕು.

ಫಾರ್ಮ್ಯಾಟ್ ನಿಜವಾಗಿ ಬೇಕಾ ಅಂತಲೂ ಮೊದಲು ಪರೀಕ್ಷೆ ಮಾಡುತ್ತೇವೆ. ಮಲ್ಪೆ, ಕಾಪು ಕಡೆಯ ಕಡಲಬದಿಯಿಂದ ಬರುವ ಕಂಪ್ಯೂಟರುಗಳಲ್ಲಿ ಉಪ್ಪುಗಾಳಿ ತಾಗಿ ರ‍್ಯಾಮಿನ ಬಂಗಾರದ ಬಣ್ಣದ ಪಟ್ಟಿಗಳು ಮಂಕಾಗಿರುತ್ತವೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿದರೆ ಎಷ್ಟೋ ಸಲ ಹ್ಯಾಂಗ್ ಆಗುವುದು ನಿಲ್ಲುತ್ತದೆ. ಹಾರ್ಡ್ ಡಿಸ್ಕ್ ಸಾಯುತ್ತಾ ಬಂದಿದ್ದರೆ ಹತ್ತು ಸಲ ವಿಂಡೋಸ್ ಹಾಕಿದರೂ ಪ್ರಯೋಜನ ಇಲ್ಲ. ಅಂಥ ಹೊತ್ತಿನಲ್ಲಿ ಪರೀಕ್ಷೆಯ 200 ರೂಪಾಯಿ ಮಾತ್ರ ಕೊಟ್ಟರೆ ಸಾಕು, ಮುಂದೆ ಏನು ಅಂತ ನೀವೇ ತೀರ್ಮಾನ ಮಾಡಿ.

ಬರುವಾಗ ಚಾರ್ಜರ್ ಮತ್ತು ಲಾಗಿನ್ ಪಾಸ್‌ವರ್ಡ್ ಬೇಕು. ಮೈಕ್ರೋಸಾಫ್ಟ್ ಅಕೌಂಟಿನ ಇಮೇಲ್ ಮತ್ತು ಅದರ ಪಾಸ್‌ವರ್ಡ್ ಕೂಡ ನೆನಪಿರಲಿ. ಈಗಿನ ತುಂಬಾ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುತ್ತದೆ, ಅದು ಹಲವರಿಗೆ ಗೊತ್ತೇ ಇರುವುದಿಲ್ಲ. ವಿಂಡೋಸ್ ಕೆಟ್ಟು ನಿಂತಾಗ ಆ ಬೀಗ ತೆಗೆಯಲು 48 ಅಂಕಿಯ ಕೀ ಬೇಕು. ಹೆಚ್ಚಿನವರದ್ದು ಅವರ ಮೈಕ್ರೋಸಾಫ್ಟ್ ಅಕೌಂಟಿನಲ್ಲೇ ಇರುತ್ತದೆ. ಆ ಅಕೌಂಟ್ ಮಾಡಿದ್ದು ಈಗ ಬಳಸದ ಮೊಬೈಲ್ ನಂಬರಿನಲ್ಲಾದರೆ ಇವತ್ತೇ ಸರಿಮಾಡಿಕೊಳ್ಳಿ. ಕೀ ಇಲ್ಲದೆ ಆ ಡಿಸ್ಕಿನಿಂದ ಫೈಲ್ ತೆಗೆಯಲು ನಮಗೂ ಆಗುವುದಿಲ್ಲ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಮಾತು. ಕನ್ನಡ ಟೈಪ್ ಮಾಡುವ ನುಡಿ, ಬರಹ ಸಾಫ್ಟ್‌ವೇರುಗಳಲ್ಲಿ ಹಳೆಯ ಫಾಂಟ್ ಬಳಸಿ ಮಾಡಿದ ಫೈಲ್ ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ. ನೆತ್ತಿಯ ಮೇಲೆ ಗೀಟು, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಫೈಲ್ ಹಾಳಾಯಿತು ಅಂತ ಗಾಬರಿಯಾಗಿ ಅಳಿಸಿದವರೂ ಇದ್ದಾರೆ. ಫೈಲ್ ಸರಿಯಾಗಿಯೇ ಇರುತ್ತದೆ, ಆ ಫಾಂಟ್ ಹಾಕಿದರೆ ಅಕ್ಷರ ವಾಪಸು ಬರುತ್ತದೆ. ಇನ್ನು ಮೇಲೆ ಹಳೆಯ ಫಾಂಟುಗಳನ್ನೂ ಕಾಪಿ ಮಾಡಿ, ಹಾಕಿಯೇ ಕೊಡುತ್ತೇವೆ. ಕೇಳಿದರೆ ಯುನಿಕೋಡಿಗೂ, ಅಂದರೆ ಬೇರೆ ಫಾಂಟ್ ಹಾಕದೆಯೂ ಎಲ್ಲ ಕಂಪ್ಯೂಟರಿನಲ್ಲಿ ಕನ್ನಡ ಕಾಣುವ ಬಗೆಗೂ, ಬದಲಾಯಿಸಿಕೊಡುತ್ತೇವೆ. ನುಡಿಯಲ್ಲಿ ನಾವು ಒತ್ತುವ ಕೀಲಿಗಳ ಜೋಡಣೆ ಕೆ. ಪಿ. ರಾವ್ ಅವರದು, ಅವರು ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ಅವರ ಈ ಕರಾವಳಿಯ ಅಂಗಡಿಯಿಂದ ಹೊರಡುವ ಕಂಪ್ಯೂಟರಿನಲ್ಲಿ ಕನ್ನಡ ಕೆಟ್ಟಿರಬಾರದು ಅನ್ನುವುದು ನಮ್ಮ ಆಸೆ.

ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್ ಇರುವವರು ಡೇಟಾ ಫೋಲ್ಡರ್ ಎಲ್ಲಿದೆ ಅಂತ ತಿಳಿದುಕೊಂಡು ಬನ್ನಿ. ಅಳಿಸುವ ಮೊದಲು ಲೈಸೆನ್ಸ್ ಸರೆಂಡರ್ ಮಾಡಬೇಕು, ಅಂದರೆ ಆ ಕಂಪ್ಯೂಟರಿನಿಂದ ಬಿಡಿಸಿಕೊಳ್ಳಬೇಕು, ಅದಕ್ಕೆ ನಿಮ್ಮ ಟ್ಯಾಲಿ ಲಾಗಿನ್ ಬೇಕು. ಡಿಜಿಟಲ್ ಸಹಿಯ ಟೋಕನ್‌ಗೆ ಏನೂ ಆಗುವುದಿಲ್ಲ, ಸಹಿ ಇರುವುದು ಆ ಟೋಕನ್ನಿನಲ್ಲೇ. ಡ್ರೈವರ್ ಮತ್ತೆ ಹಾಕಿದರೆ ಆಯಿತು.

ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಡುವುದಿಲ್ಲ. ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪ್ ಆದರೆ ಹೊಸ ಲೈಸೆನ್ಸ್ ಬೇಕಾಗಿಲ್ಲ. ಸಾಮಾನ್ಯವಾಗಿ ಲೈಸೆನ್ಸಿನ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ, ಅದೇ ಎಡಿಷನ್ ಹಾಕಿ ಇಂಟರ್‌ನೆಟ್ ಕೊಟ್ಟರೆ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಅಸೆಂಬಲ್ ಮಾಡಿಸಿದ ಕಂಪ್ಯೂಟರಿಗೆ ಲೈಸೆನ್ಸ್ ಇಲ್ಲದಿದ್ದರೆ ಕೊಳ್ಳಬೇಕು, ಇಲ್ಲವೇ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡುತ್ತೇವೆ. ಅದಕ್ಕೆ ದುಡ್ಡಿಲ್ಲ, ಕನ್ನಡವೂ ಚೆನ್ನಾಗಿ ಬರುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕಿ ಅಂತ ಬರುವವರು ಜಾಸ್ತಿ ಆಗಿದ್ದಾರೆ. ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು. ಪ್ರೊಸೆಸರ್ ಇಂಟೆಲ್ ಆದರೆ ಸುಮಾರಾಗಿ 8ನೇ ಜನರೇಷನ್ ಮತ್ತು ನಂತರದ್ದು ಇರಬೇಕು. ಇಲ್ಲದ ಕಂಪ್ಯೂಟರಿಗೆ ಅಡ್ಡದಾರಿಯಲ್ಲಿ ತುರುಕುವುದಿಲ್ಲ.

ಕೊನೆಗೆ ಮಾಷ್ಟ್ರ ವಿಷಯ. ಅವರನ್ನು ಕೇಳಿಯೇ ಇದನ್ನು ಬರೆದಿದ್ದೇವೆ. ಒಂದೊಂದು ಪ್ರಸಂಗ ಮುಗಿದಾಗಲೂ ಅವರು ಪ್ರಿಂಟ್ ತೆಗೆದು ಹವ್ಯಾಸಿ ಸಂಘದ ಹುಡುಗರಿಗೆ, ಭಾಗವತರಿಗೆ ಕೊಡುತ್ತಿದ್ದರಂತೆ. ಇದುವರೆಗೆ ನಾಲ್ಕು ಸಿಕ್ಕಿವೆ. ನಮ್ಮಲ್ಲಿ ಕೆಲಸ ಮಾಡುವ ಹುಡುಗಿ ದಿನಾ ಸಂಜೆ ಅವನ್ನು ಟೈಪ್ ಮಾಡುತ್ತಿದ್ದಾಳೆ, ಮಾಷ್ಟ್ರು ಶನಿವಾರ ಬಂದು ತಿದ್ದುತ್ತಾರೆ. ನಿಮ್ಮ ಮನೆಯಲ್ಲೋ ಸಂಘದ ಪೆಟ್ಟಿಗೆಯಲ್ಲೋ ಅಂಥ ಪ್ರತಿ ಇದ್ದರೆ ದಯವಿಟ್ಟು ತನ್ನಿ. ಗುರುತು ಏನೆಂದರೆ, ಪ್ರತಿ ಪದ್ಯದ ಮೇಲೆ ರಾಗ, ತಾಳದ ಹೆಸರು ದಪ್ಪ ಅಕ್ಷರದಲ್ಲಿದೆ, ತಿದ್ದಿದ್ದು ಕೆಂಪು ಶಾಯಿಯಲ್ಲಿದೆ. ಸ್ಕ್ಯಾನ್ ಮಾಡಿಕೊಂಡು, ನೀವು ಅಂಗಡಿಯಲ್ಲಿ ಕೂತಿರುವಾಗಲೇ ವಾಪಸು ಕೊಡುತ್ತೇವೆ. ಬೆಳಿಗ್ಗೆ 9.30ರಿಂದ ರಾತ್ರಿ 7.30ರ ತನಕ ಅಂಗಡಿಯಲ್ಲಿ ಇರುತ್ತೇವೆ, ಭಾನುವಾರ ರಜೆ.

ಇಂತಿ,
ಉಡುಪಿಯ ನಿಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯವರು